ತರಗತಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿನಿ ಇದ್ದಾಳೆ, ಅರ್ಥಶಾಸ್ತ್ರದ ನೋಟ್ಸ್ ಹೇಗೆ ಕೊಡಲಿ?

ಅರ್ಥಶಾಸ್ತ್ರ ಮೇಡಂ (ಹಾವೇರಿ ಜಿಲ್ಲೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮ. ಈ ವರ್ಷ ಬಿ.ಎ. ಮೊದಲ ಸೆಮಿಸ್ಟರಿಗೆ ಪೂರ್ತಿ ಕಣ್ಣು ಕಾಣದ ಒಬ್ಬ ಹುಡುಗಿ ಸೇರಿದ್ದಾಳೆ. ತುಂಬಾ ಚುರುಕು. ಪಾಠದ ನಡುವೆ ಪ್ರಶ್ನೆ ಕೇಳುವುದರಲ್ಲಿ ಅವಳೇ ಮುಂದು.

ತೊಂದರೆ ಇರುವುದು ನೋಟ್ಸಿನಲ್ಲಿ. ನಮ್ಮ ವಿಭಾಗದ ವಾಟ್ಸಾಪ್ ಗುಂಪಿಗೆ ಹೋಗುವುದು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಪಿಡಿಎಫ್, ಇಲ್ಲಾ ಪುಸ್ತಕದ ಪುಟಗಳನ್ನು ಮೊಬೈಲಲ್ಲಿ ಹೊಡೆದ ಫೋಟೋ. ಅವಳ ಹತ್ತಿರ ಆಂಡ್ರಾಯ್ಡ್ ಫೋನ್ ಇದೆ, ಪರದೆಯಲ್ಲಿ ಇದ್ದದ್ದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡಿದ್ದಾಳೆ. ನಾವು ವಾಟ್ಸಾಪಿನಲ್ಲಿ ಕನ್ನಡದಲ್ಲಿ ಬರೆದ ಸಂದೇಶವನ್ನು ಅದು ಚೆನ್ನಾಗಿ ಓದುತ್ತದೆ. ನೋಟ್ಸ್ ತೆರೆದರೆ ಮಾತ್ರ ಒಂದೋ ಸುಮ್ಮನಾಗುತ್ತದೆ, ಇಲ್ಲಾ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒದರುತ್ತದೆ. ಹೀಗೆ ಯಾಕೆ ಆಗುತ್ತದೆ ಅಂತ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಸದ್ಯಕ್ಕೆ ಗೆಳತಿಯರು ಊಟದ ಬಿಡುವಿನಲ್ಲಿ ಅವಳಿಗೆ ಓದಿ ಹೇಳುತ್ತಿದ್ದಾರೆ. ಎಷ್ಟು ದಿನ ಅಂತ ಅವರ ಮೇಲೆ ಹಾಕುವುದು?

ನನ್ನ ಪ್ರಶ್ನೆಗಳು ಇಷ್ಟು. ನೋಟ್ಸನ್ನು ಅವಳ ಫೋನ್ ಓದುವ ಹಾಗೆ ಮಾಡುವುದು ಹೇಗೆ? ಬೇಡಿಕೆ ರೇಖೆ, ಪೂರೈಕೆ ರೇಖೆ, ಸಮತೋಲನ ಬಿಂದು ಇವನ್ನೆಲ್ಲಾ ಕಣ್ಣಿಲ್ಲದೆ ತಿಳಿಸುವುದು ಹೇಗೆ? ಪಠ್ಯಪುಸ್ತಕವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಕಾಪಿರೈಟ್ ತೊಂದರೆ ಬರುತ್ತದಾ? ಪರೀಕ್ಷೆಯಲ್ಲಿ ರೇಖಾಚಿತ್ರ ಬರೆಯಿರಿ ಅಂತ ಬಂದರೆ ಏನು ಮಾಡಬೇಕು?

ಇನ್ನೊಂದು. ಅದೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಶ್ರವಣ ಸಾಧನ ಹಾಕಿಕೊಳ್ಳುತ್ತಾನೆ. ಅವನು ಪ್ರಶ್ನೆಯನ್ನೇ ಕೇಳುವುದಿಲ್ಲ, ಸುಮ್ಮನೆ ಕೂತಿರುತ್ತಾನೆ. ಅವನ ಬಗ್ಗೆಯೂ ಗೊತ್ತಿದ್ದವರು ಹೇಳಿ.

ನಮ್ಮ ಕಾಲೇಜಿನಲ್ಲಿ ಇದಕ್ಕೆ ಅಂತ ಬೇರೆ ದುಡ್ಡಿಲ್ಲ. ಒಂದು ಕಂಪ್ಯೂಟರ್ ಲ್ಯಾಬ್ ಇದೆ, ಒಂದು ಸ್ಕ್ಯಾನರ್ ಇದೆ. ಅಷ್ಟರಲ್ಲೇ ಆಗುವಂಥದ್ದು ಹೇಳಿದರೆ ಉಪಕಾರ.


ಇತಿಹಾಸ ಮೇಷ್ಟ್ರು (ಧಾರವಾಡ) ಉತ್ತರ:

ಮೇಡಂ, ನಿಮ್ಮ ಪ್ರಶ್ನೆಯನ್ನು ನನಗೆ ಓದಿ ಹೇಳಿದ್ದು ನನ್ನ ಫೋನು. ನಾನೂ ಹುಟ್ಟಿನಿಂದ ಕಣ್ಣು ಕಾಣದವನು. ಎಂ.ಎ. ಮುಗಿಸಿ ಈಗ ಇತಿಹಾಸ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಕ್ಕಿಂತ ಮೊದಲು ಅವಳನ್ನೇ ಕೂರಿಸಿಕೊಂಡು ಕೇಳಿ. ಬ್ರೈಲ್ ಓದಲು ಬರುತ್ತದಾ? ಅಂಧರ ಶಾಲೆಯಲ್ಲಿ ಓದಿದ್ದರೆ ಬರುತ್ತದೆ. ಊರಿನ ಶಾಲೆಯಲ್ಲೇ ಓದಿದ್ದರೆ, ಅಥವಾ ದೊಡ್ಡವಳಾದ ಮೇಲೆ ದೃಷ್ಟಿ ಹೋಗಿದ್ದರೆ, ಎಷ್ಟೋ ಸಲ ಬರುವುದಿಲ್ಲ. ಕಂಪ್ಯೂಟರ್ ಮುಟ್ಟಿದ್ದಾಳಾ, ಫೋನು ಮಾತ್ರಾನಾ? ಕೇಳಿಸಿಕೊಂಡು ಓದುವುದು ಇಷ್ಟವಾ, ಬೆರಳಲ್ಲಿ ಓದುವುದು ಇಷ್ಟವಾ? ನನ್ನ ಜೊತೆ ಓದಿದವರಲ್ಲಿ ಒಬ್ಬೊಬ್ಬರದ್ದು ಒಂದೊಂದು ರೂಢಿ ಇತ್ತು. ನಮ್ಮನ್ನು ಕೇಳದೆ ನಮಗೆ ಬೇಕಾದ್ದನ್ನು ತೀರ್ಮಾನಿಸಿಬಿಡುವುದು ನನಗೆ ಇವತ್ತಿಗೂ ನೋವು ಕೊಡುವ ವಿಚಾರ.

ಈಗ ನುಡಿ ವಿಷಯ. ನಿಮ್ಮ ಪಿಡಿಎಫ್ ಒಳಗೆ ಇರುವುದು ಕನ್ನಡವೇ ಅಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಕೂರಿಸಿದ್ದಾರೆ. ಕಣ್ಣಿಗೆ 'ಕನ್ನಡ' ಅಂತ ಕಾಣುವ ಪದದ ಒಳಗೆ ಕಂಪ್ಯೂಟರಿಗೆ ಸಿಗುವುದು ಇಂಗ್ಲಿಷಿನ ಪಿ, ಪೌಂಡ್ ನೋಟಿನ ಚಿಹ್ನೆ, ಕ್ಯೂ, ಇಂಥವು. ಫೋನು ಇದ್ದದ್ದನ್ನು ಇದ್ದ ಹಾಗೆ ಓದುತ್ತಿದೆ ಅಷ್ಟೇ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ವಾಟ್ಸಾಪಿನಲ್ಲಿ ನೀವು ಬರೆಯುವುದು ಯೂನಿಕೋಡ್. ಅದಕ್ಕೇ ಅದು ಸರಿಯಾಗಿ ಕೇಳಿಸುತ್ತದೆ.

ಟೈಪ್ ಮಾಡುವವರು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಅದೇ ನುಡಿ ಕೀಲಿಮಣೆಯಲ್ಲಿ ಯೂನಿಕೋಡ್ ಆರಿಸಿಕೊಂಡು ಟೈಪ್ ಮಾಡಬಹುದು. ಬೆರಳಿನ ಅಭ್ಯಾಸ ಬದಲಾಗುವುದಿಲ್ಲ. ಇದನ್ನು ನಿಮ್ಮ ಆಫೀಸಿನವರಿಗೆ ಒತ್ತಿ ಹೇಳಿ, ಯಾಕೆಂದರೆ ಅವರ ಹಿಂಜರಿಕೆ ಇರುವುದೇ ಅಲ್ಲಿ.

ಹಳೆಯ ನೋಟ್ಸಿಗೆ ಪರಿವರ್ತಕಗಳಿವೆ. ಉಚಿತವಾಗಿ ಸಿಗುತ್ತವೆ. ಮೂಲ ವರ್ಡ್ ಫೈಲ್ ಹುಡುಕಿ ಪರಿವರ್ತನೆ ಮಾಡಿ, ಪಿಡಿಎಫಿನಿಂದ ತೆಗೆಯಲು ಹೋಗಬೇಡಿ. ಆಮೇಲೆ ಒಂದು ಸಲ ಕಣ್ಣಾಡಿಸಲೇಬೇಕು. ನೋಟ್ಸಿನ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಜಿಡಿಪಿ ಅಂತ ಇದ್ದದ್ದರಲ್ಲಿ ಜಿ ಹೋಗಿ ಉ ಆಗುತ್ತದೆ, ಡಿ ಹೋಗಿ ಆ ಆಗುತ್ತದೆ. ಅರ್ಥಶಾಸ್ತ್ರದಲ್ಲಿ ಇಂಥ ಪದಗಳು ಜಾಸ್ತಿ ಅಲ್ವಾ? ಅವನ್ನೆಲ್ಲಾ ಕೈಯಾರೆ ಸರಿಪಡಿಸಬೇಕು. ಅರ್ಕಾವೊತ್ತು ಇರುವ ಪದಗಳನ್ನೂ ನೋಡಿ.

ಯೂನಿಕೋಡಿನಲ್ಲಿ ಟೈಪ್ ಮಾಡಿದ ಮೇಲೆ ಅದನ್ನು ಪಿಡಿಎಫ್ ಮಾಡಿ ಕಳಿಸಬೇಡಿ. ವರ್ಡ್ ಫೈಲನ್ನೇ ಕೊಡಿ. ಪಿಡಿಎಫ್ ಮಾಡುವಾಗ ಕನ್ನಡದ ಒತ್ತಕ್ಷರ, ಗುಣಿತ ಹಿಂದುಮುಂದಾಗುವುದು ಸಾಮಾನ್ಯ. ನೋಡಲು ಸರಿ ಇರುತ್ತದೆ, ಕೇಳಲು ಕಲಸಿಹೋಗಿರುತ್ತದೆ. ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಪಿಡಿಎಫಿನಲ್ಲೇ ಕೊಡುತ್ತಿದ್ದರು. ಸಿಲಬಸ್ ಕೂಡ ಸ್ಕ್ಯಾನ್ ಮಾಡಿ ಸಹಿ, ಮೊಹರು ಹಾಕಿದ ಪ್ರತಿ. ಆ ಸೆಮಿಸ್ಟರಿಗೆ ಯಾವ ಪತ್ರಿಕೆಗಳಿವೆ ಅಂತ ತಿಳಿಯಲಿಕ್ಕೂ ಇನ್ನೊಬ್ಬರನ್ನು ಹುಡುಕಬೇಕಿತ್ತು. ಆ ಸಿಲಬಸ್ ಮೊದಲು ಯಾರದೋ ಕಂಪ್ಯೂಟರಿನಲ್ಲಿ ಟೈಪ್ ಆಗಿಯೇ ಇತ್ತಲ್ಲ? ಆ ಫೈಲನ್ನು ಜೊತೆಗೆ ಹಾಕಿದ್ದರೆ ಸಾಕಿತ್ತು. ಇದರಲ್ಲಿ ಖರ್ಚು ಏನೂ ಇರಲಿಲ್ಲ. ನನಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಶೀರ್ಷಿಕೆಗಳನ್ನು ದಪ್ಪ ಅಕ್ಷರ ಮಾಡಿ ಬಿಡಬೇಡಿ. ವರ್ಡಿನ ಹೋಮ್ ಟ್ಯಾಬಿನಲ್ಲಿ ಸ್ಟೈಲ್ಸ್ ಅಂತ ಇದೆ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಒಳಗಿನದಕ್ಕೆ ಹೆಡಿಂಗ್ 2 ಹಾಕಿ. ಕಣ್ಣಿದ್ದವರು ಪುಟ ತಿರುವುತ್ತಾ ಬೇಕಾದ ಜಾಗಕ್ಕೆ ಹೋಗುತ್ತಾರೆ. ನಮಗೆ ಆ ತಿರುವುವ ಕೆಲಸ ಮಾಡಿಕೊಡುವುದು ಈ ಹೆಡಿಂಗ್. ಕಂಪ್ಯೂಟರಿನ ಎನ್‌ವಿಡಿಎಯಲ್ಲಿ ಬ್ರೌಸ್ ಮೋಡ್ ಅನ್ನುವ ಓದುವ ವಿಧಾನಕ್ಕೆ ಹೋಗಿ ಎಚ್ ಒತ್ತಿದರೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ನೆಗೆಯಬಹುದು. ಹೆಡಿಂಗ್ ಇಲ್ಲದಿದ್ದರೆ ನಲವತ್ತು ಪುಟವನ್ನು ಮೊದಲಿಂದ ಕೇಳುತ್ತಾ ಕೂರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ. ರಿವ್ಯೂ ಟ್ಯಾಬಿನಲ್ಲಿ ಚೆಕ್ ಆಕ್ಸೆಸಿಬಿಲಿಟಿ ಅಂತ ಒಂದು ಗುಂಡಿಯೂ ಇದೆ. ಎಲ್ಲಿ ಚಿತ್ರಕ್ಕೆ ವಿವರಣೆ ಇಲ್ಲ, ಟೇಬಲ್ಲಿಗೆ ಮೇಲಿನ ಸಾಲು ಗುರುತಿಸಿಲ್ಲ ಅಂತ ಅದೇ ತೋರಿಸುತ್ತದೆ. ಫೈಲಿನ ಹೆಸರು 'ಹೊಸ ಡಾಕ್ಯುಮೆಂಟ್ 7' ಅಂತ ಇರಬಾರದು. 'ಅಧ್ಯಾಯ 2 ಬೇಡಿಕೆಯ ನಿಯಮ' ಅಂತ ಇರಲಿ.

ಎನ್‌ವಿಡಿಎ ಅಂದೆ. ಅದು ಕಂಪ್ಯೂಟರ್ ಪರದೆ ಓದುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನುವವರು 2006ರಲ್ಲಿ ಶುರು ಮಾಡಿದ್ದು. ಅವರೂ ಅಂಧರೇ. ಪೂರ್ತಿ ಉಚಿತ. ಜಾಸ್ ಅಂತ ಇನ್ನೊಂದಿದೆ, ಅದಕ್ಕೆ ದುಡ್ಡು ಕೊಡಬೇಕು. ಎನ್‌ವಿಡಿಎ ಜೊತೆಯಲ್ಲೇ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಧ್ವನಿ ಯಂತ್ರದ ಹಾಗಿದೆ, ಕೇಳಿ ಕೇಳಿ ರೂಢಿಯಾಗುತ್ತದೆ. ನಿಮ್ಮ ಲ್ಯಾಬಿನ ಒಂದು ಕಂಪ್ಯೂಟರಿಗೆ ಇವತ್ತೇ ಹಾಕಿಸಿ, ಒಂದು ಹೆಡ್‌ಫೋನ್ ಇಡಿ. ನೀವೂ ಒಮ್ಮೆ ಪರದೆ ಆರಿಸಿ ನಿಮ್ಮದೇ ನೋಟ್ಸನ್ನು ಅದರಲ್ಲಿ ಕೇಳಿ. ಎಲ್ಲಿ ತೊಡಕಾಗುತ್ತದೆ ಅಂತ ನಾನು ಹೇಳುವುದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಫೋಟೋ ಹೊಡೆದ ಪುಟಗಳಿಗೆ ಗೂಗಲ್ ಡ್ರೈವ್ ಸಾಕು. ಚಿತ್ರವನ್ನು ಡ್ರೈವಿಗೆ ಏರಿಸಿ, ಗೂಗಲ್ ಡಾಕ್ಸಿನಲ್ಲಿ ತೆರೆಯಿರಿ ಅಂತ ಕೊಟ್ಟರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಪುಟ ನೆಟ್ಟಗಿರಬೇಕು, ನೆರಳು ಬೀಳಬಾರದು, ಅಡಿಗೆರೆ ಎಳೆದ ಹಳೇ ಪುಸ್ತಕ ಆಗಬಾರದು. ಗದ್ಯ ಚೆನ್ನಾಗಿ ಬರುತ್ತದೆ. ಅಂಕಿ ಇರುವ ಕೋಷ್ಟಕ ಹಾಳಾಗುತ್ತದೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ತರ ಇರುವುದರಿಂದ ಅಲ್ಲಿ ಎಡವುತ್ತದೆ. ಹಾಗಾಗಿ ಅಂಕಿಗಳನ್ನು ಮನುಷ್ಯರೇ ಕೂತು ತಿದ್ದಬೇಕು. ಎನ್‌ಎಸ್‌ಎಸ್ ಹುಡುಗ ಹುಡುಗಿಯರಿಗೆ ಈ ಕೆಲಸ ಕೊಡಿ. ಊಟದ ಬಿಡುವಿನಲ್ಲಿ ಓದಿ ಹೇಳಿದ್ದು ಆ ದಿನಕ್ಕೆ ಮುಗಿಯುತ್ತದೆ. ಇದು ಮುಂದಿನ ವರ್ಷದವರಿಗೂ ಉಳಿಯುತ್ತದೆ.

ಪಾಠದಲ್ಲಿ 'ಇಲ್ಲಿ ನೋಡಿ, ಇದು ಹೀಗೆ ಹೋಗಿ ಇದನ್ನು ಕಡಿಯುತ್ತದೆ' ಅಂತ ಬೋರ್ಡ್ ತೋರಿಸುತ್ತೀರಲ್ಲ, ಆ 'ಇಲ್ಲಿ', 'ಇದು', 'ಹೀಗೆ' ನಮಗೆ ಸಿಗುವುದಿಲ್ಲ. ಹೆಸರು ಹಿಡಿದು ಹೇಳಿ. 'ಅಡ್ಡ ಗೆರೆಯಲ್ಲಿ ಪ್ರಮಾಣ, ನಿಂತ ಗೆರೆಯಲ್ಲಿ ಬೆಲೆ. ಬೇಡಿಕೆ ರೇಖೆ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಕಿಲೋ ಈರುಳ್ಳಿಗೆ 20 ರೂಪಾಯಿ ಇದ್ದಾಗ 50 ಕಿಲೋ ಹೋಗುತ್ತದೆ, 40 ರೂಪಾಯಿ ಆದರೆ 30 ಕಿಲೋ.' ಇಷ್ಟು ಹೇಳಿದರೆ ನನ್ನಂಥವನ ತಲೆಯಲ್ಲಿ ರೇಖೆ ಮೂಡುತ್ತದೆ. ಕಣ್ಣಿರುವ ಹುಡುಗರಿಗೂ ಬರೆದುಕೊಳ್ಳಲು ಸುಲಭ. ಬೋರ್ಡಿನಲ್ಲಿ ಬರೆಯುವುದನ್ನೆಲ್ಲಾ ಬಾಯಲ್ಲೂ ಹೇಳಿಕೊಳ್ಳುತ್ತಾ ಬರೆಯಿರಿ.

ಆದರೂ ರೇಖಾಚಿತ್ರವನ್ನು ಬೆರಳಿಗೆ ಸಿಗುವ ಹಾಗೆ ಕೊಡಲೇಬೇಕು. ಮಾತಿನಲ್ಲಿ ಮಾತ್ರ ಕೇಳಿದ್ದಕ್ಕೂ ಮುಟ್ಟಿ ತಿಳಿದದ್ದಕ್ಕೂ ವ್ಯತ್ಯಾಸವಿದೆ. ದಪ್ಪ ಡ್ರಾಯಿಂಗ್ ಹಾಳೆ ತಗೊಳ್ಳಿ. ಎರಡು ಅಕ್ಷಗಳಿಗೆ ಸಣ್ಣ ಕಡ್ಡಿ ಅಂಟಿಸಿ. ಬೇಡಿಕೆ ರೇಖೆಗೆ ಉಲ್ಲನ್ ದಾರ, ಪೂರೈಕೆ ರೇಖೆಗೆ ಒರಟಾದ ಸೆಣಬಿನ ಹುರಿ. ಫೆವಿಕಾಲ್ ಹಾಕಿ ಅಂಟಿಸಿದರೆ ಆಯಿತು. ಎರಡೂ ಸೇರುವ ಜಾಗದಲ್ಲಿ ಒಂದು ಸಣ್ಣ ಗುಂಡಿ. ಅದೇ ಸಮತೋಲನ ಬಿಂದು. ರೇಖೆ ಬಲಕ್ಕೆ ಸರಿಯುವುದನ್ನು ತೋರಿಸಲು ಅದೇ ಹಾಳೆಯಲ್ಲಿ ಮೂರನೇ ದಾರ ಅಂಟಿಸಬೇಡಿ. ಬೆರಳಿಗೆ ಗೊಂದಲವಾಗುತ್ತದೆ. ಇನ್ನೊಂದು ಹಾಳೆ ಮಾಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲಿ.

ದರ್ಜಿಗಳು ಬಟ್ಟೆ ಮೇಲೆ ಗುರುತು ಹಾಕಲು ಹಲ್ಲಿನ ಗಾಲಿ ಬಳಸುತ್ತಾರಲ್ಲ, ಅದೂ ಬಹಳ ಉಪಯೋಗದ್ದು. ಹಾಳೆಯ ಕೆಳಗೆ ರಬ್ಬರ್ ಹಾಸಿ ಗಾಲಿ ಉರುಳಿಸಿದರೆ ಹಿಂಬದಿಯಲ್ಲಿ ಚುಕ್ಕೆಗಳು ಉಬ್ಬಿ ಬರುತ್ತವೆ. ಒಂದೇ ಎಚ್ಚರಿಕೆ. ಮುಟ್ಟುವುದು ಹಿಂಬದಿಯನ್ನು, ಹಾಗಾಗಿ ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ಅದಲು ಬದಲು ಮಾಡಿ ಬಿಡಿಸಬೇಕು. ಇಲ್ಲದಿದ್ದರೆ ಬೇಡಿಕೆ ರೇಖೆ ಪೂರೈಕೆ ರೇಖೆಯಾಗಿ ಕೈಗೆ ಸಿಗುತ್ತದೆ.

ಪರೀಕ್ಷೆ ವಿಷಯ ಆಮೇಲೆ ಬರೆಯುತ್ತೇನೆ. ಕಾಪಿರೈಟ್ ಬಗ್ಗೆ ಗ್ರಂಥಾಲಯದವರು ಯಾರಾದರೂ ಹೇಳಲಿ.


ಪುಸ್ತಕದ ಕಪಾಟು (ಗ್ರಂಥಪಾಲಕಿ, ಮೈಸೂರು) ಉತ್ತರ:

ಮೇಷ್ಟ್ರು ಕರೆದಿದ್ದಕ್ಕೆ ಬಂದೆ. ಮೇಡಂ, ಕಾಪಿರೈಟ್ ಬಗ್ಗೆ ಹೆದರಬೇಡಿ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯಿತು. ಅದರಲ್ಲಿ 52ನೇ ಸೆಕ್ಷನ್ನಿನ ಒಂದನೇ ಉಪವಿಭಾಗಕ್ಕೆ ಝಡ್‌ಬಿ ಅಂತ ಒಂದು ಭಾಗ ಸೇರಿಸಿದ್ದಾರೆ. ಅಂಗವೈಕಲ್ಯ ಇರುವವರು ಓದುವುದಕ್ಕೆ ಅಂತ ಯಾವುದೇ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ಬದಲಿಸಬಹುದು, ಹಂಚಿಕೊಳ್ಳಬಹುದು. ಪ್ರಕಾಶಕರ ಅನುಮತಿ ಬೇಡ, ರಾಯಲ್ಟಿ ಬೇಡ. ಸ್ವಂತ ಓದು, ಶಿಕ್ಷಣ, ಸಂಶೋಧನೆ ಎಲ್ಲಕ್ಕೂ ಅನ್ವಯಿಸುತ್ತದೆ. ಲಾಭಕ್ಕೆ ಮಾರಬಾರದು. ಆ ಪ್ರತಿ ಅಂಗವಿಕಲರ ಬಳಕೆಗೆ ಮಾತ್ರ ಇರಬೇಕು. ಅಂದರೆ ಸ್ಕ್ಯಾನ್ ಮಾಡಿದ ಪುಸ್ತಕವನ್ನು ಇಡೀ ತರಗತಿಯ ಗುಂಪಿಗೆ ಹಾಕಬೇಡಿ. ಅವಳಿಗೆ ನೇರವಾಗಿ ಕಳಿಸಿ.

ಈ ತಿದ್ದುಪಡಿಗೆ ಅಂಧ ಓದುಗರು, ಅವರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ್ದಾರೆ. ಆಮೇಲೆ 2013ರ ಜೂನಿನಲ್ಲಿ, ಅಂಧರಿಗೆ ಪುಸ್ತಕ ಸಿಗಲಿ ಅಂತ ದೇಶಗಳ ನಡುವೆ ಮರಾಕೆಶ್ ಒಪ್ಪಂದ ಆಯಿತು. ಅದನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಒಪ್ಪಂದ ಜಾರಿಗೆ ಬಂದದ್ದು 2016ರ ಸೆಪ್ಟೆಂಬರ್ 30ರಂದು. ಇದರಿಂದ ಒಂದು ದೇಶದಲ್ಲಿ ತಯಾರಾದ ಬ್ರೈಲ್ ಅಥವಾ ಆಡಿಯೋ ಪ್ರತಿ ಇನ್ನೊಂದು ದೇಶಕ್ಕೆ ಹೋಗಬಹುದು. ಇಷ್ಟೆಲ್ಲಾ ಇದ್ದರೂ ಎಷ್ಟೋ ಕಾಲೇಜಿನಲ್ಲಿ 'ಸ್ಕ್ಯಾನ್ ಮಾಡಿದರೆ ಕೇಸ್ ಆಗುತ್ತೆ' ಅಂತಾರೆ. ನಿಮ್ಮ ಪ್ರಿನ್ಸಿಪಾಲರು ಹಾಗೆ ಅಂದರೆ ಈ ಸೆಕ್ಷನ್ ತೋರಿಸಿ.

ಸ್ಕ್ಯಾನ್ ಮಾಡಲು ಕೂರುವ ಮೊದಲು ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ, ಡೈಸಿ ಫೋರಂ ಆಫ್ ಇಂಡಿಯಾದ್ದು. ಮುದ್ರಿತ ಪುಸ್ತಕ ಓದಲಾಗದವರು ಸದಸ್ಯರಾಗಿ ಪುಸ್ತಕ ಇಳಿಸಿಕೊಳ್ಳಬಹುದು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯವರು ಬಹಳ ವರ್ಷಗಳಿಂದ ಧ್ವನಿ ಪುಸ್ತಕ, ಬ್ರೈಲ್ ಪುಸ್ತಕ ಮಾಡುತ್ತಿದ್ದಾರೆ. ಅವಳಿಗೆ ಬ್ರೈಲ್ ಬರುವುದಾದರೆ ಅವರನ್ನು ವಿಚಾರಿಸಿ. ಇಂಗ್ಲಿಷ್ ಪುಸ್ತಕಗಳು ಸಿಗುವಷ್ಟು ಕನ್ನಡದ ಪದವಿ ಪುಸ್ತಕಗಳು ಸಿಗುವುದಿಲ್ಲ, ಅದು ನಿಜ. ಕನ್ನಡ ಮಾಧ್ಯಮದ ಮಕ್ಕಳಿಗೆ ಎರಡು ಪಟ್ಟು ಅನ್ಯಾಯ ಆಗುತ್ತಿರುವುದು ಇಲ್ಲೇ. ನಿಮ್ಮಂಥವರು ಒಂದೊಂದು ಪುಸ್ತಕ ಸೇರಿಸಿದರೆ ಮಾತ್ರ ಅದು ತುಂಬುವುದು.

ನಮ್ಮ ಗ್ರಂಥಾಲಯದಲ್ಲಿ ನಾವು ಮಾಡಿಕೊಂಡ ಒಂದು ವ್ಯವಸ್ಥೆ ಹೇಳುತ್ತೇನೆ. ಹೀಗೆ ತಿದ್ದಿದ ಫೈಲುಗಳನ್ನು ಒಂದೇ ಕಂಪ್ಯೂಟರಿನಲ್ಲಿ ವಿಷಯವಾರು ಇಡುತ್ತೇವೆ. ಯಾವ ಪುಟದವರೆಗೆ ತಿದ್ದಿದೆ, ಯಾರು ತಿದ್ದಿದ್ದು ಅಂತ ಮೊದಲ ಸಾಲಿನಲ್ಲೇ ಬರೆದಿರುತ್ತೇವೆ. ಮೂಲ ಪುಸ್ತಕದ ಪುಟ ಸಂಖ್ಯೆಯನ್ನು ಪಠ್ಯದ ನಡುವೆ ಉಳಿಸಿಕೊಳ್ಳುತ್ತೇವೆ. 'ಪುಟ 43 ತೆಗೆಯಿರಿ' ಅಂತ ಮೇಷ್ಟ್ರು ಹೇಳಿದಾಗ ಆ ವಿದ್ಯಾರ್ಥಿಯೂ 43ಕ್ಕೆ ಹೋಗಬೇಕಲ್ಲ?

ಕಾನೂನಿನ ಇನ್ನೊಂದು ಮಾತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಪಾಸಾಗಿ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5 ಶೇಕಡಾ ಸೀಟು ಕೊಡಬೇಕು ಅಂತ ಅದರ 32ನೇ ಸೆಕ್ಷನ್ ಹೇಳುತ್ತದೆ. ಸೀಟು ಕೊಟ್ಟರೆ ಮುಗಿಯಲಿಲ್ಲ. ಅವರಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅಂತ 16ನೇ ಸೆಕ್ಷನ್ನಿನಲ್ಲಿದೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕೂಡ 2022ರಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸುಗಮ್ಯತೆಯ ಮಾರ್ಗಸೂಚಿ ಹೊರಡಿಸಿದೆ. ಹಾಗಾಗಿ ನೀವು ಪ್ರಿನ್ಸಿಪಾಲರ ಹತ್ತಿರ ಹೋದಾಗ 'ಪಾಪ, ಆ ಹುಡುಗಿಗೆ ಸಹಾಯ ಮಾಡೋಣ' ಅಂತ ಶುರು ಮಾಡಬೇಡಿ. ಕಾಲೇಜು ಮಾಡಬೇಕಾದ ಕೆಲಸ ಅಂತಲೇ ಹೇಳಿ.


ಕೇಳದ ಕಿವಿ (ಶಿವಮೊಗ್ಗ) ಉತ್ತರ:

ಆ ಹುಡುಗನ ಬಗ್ಗೆ ನಾನು ಬರೆಯುತ್ತೇನೆ. ನಾನು ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಕೊಂಡು ಬಿ.ಕಾಂ. ಮುಗಿಸಿದವಳು. ಈಗ ಬ್ಯಾಂಕಿನಲ್ಲಿ ಕೆಲಸ.

ಅವನು ಪ್ರಶ್ನೆ ಕೇಳದಿರುವುದಕ್ಕೆ ಕಾರಣ ಇರಬಹುದು. ಬೇರೆಯವರು ಈಗಾಗಲೇ ಅದನ್ನೇ ಕೇಳಿರಬಹುದು, ನೀವು ಉತ್ತರ ಹೇಳಿಯೂ ಆಗಿರಬಹುದು. ಅವನಿಗೆ ಅದು ಗೊತ್ತಾಗಿರುವುದಿಲ್ಲ. ಕೇಳಿದರೆ ಎಲ್ಲರೂ ನಗುತ್ತಾರೆ ಅನ್ನುವ ಭಯ. ಹಿಂದಿನ ಬೆಂಚಿನ ಹುಡುಗಿ ಪ್ರಶ್ನೆ ಕೇಳಿದರೆ, ಉತ್ತರಿಸುವ ಮೊದಲು ಆ ಪ್ರಶ್ನೆಯನ್ನು ನೀವೊಮ್ಮೆ ಜೋರಾಗಿ ಹೇಳಿ. ಇದೊಂದನ್ನು ನಮ್ಮ ಲೆಕ್ಕಶಾಸ್ತ್ರದ ಮೇಡಂ ತಪ್ಪದೆ ಮಾಡುತ್ತಿದ್ದರು. ಅವರ ತರಗತಿಯಲ್ಲಿ ಮಾತ್ರ ನಾನು ಕೈ ಎತ್ತುತ್ತಿದ್ದೆ.

ಶ್ರವಣ ಸಾಧನ ಕನ್ನಡಕದ ಹಾಗಲ್ಲ. ಹಾಕಿಕೊಂಡ ಕೂಡಲೇ ಎಲ್ಲಾ ಸ್ಪಷ್ಟವಾಗುವುದಿಲ್ಲ. ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು, ಕಾರಿಡಾರಿನ ಗಲಾಟೆ, ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಅದಕ್ಕೇ ನಾವು ತುಟಿ ನೋಡುತ್ತೇವೆ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ಕಿರುಚುವುದೂ ಬೇಡ, ತುಟಿ ಆಕಾರ ಕೆಡುತ್ತದೆ. ಪ, ಬ, ಮ ಮೂರೂ ತುಟಿಯಲ್ಲಿ ಒಂದೇ ತರ ಕಾಣುತ್ತವೆ. ಹಾಗಾಗಿ ಹೊಸ ಪದ ಬಂದರೆ ಬೋರ್ಡಿನಲ್ಲಿ ಬರೆದು ಆಮೇಲೆ ಹೇಳಿ.

ಇಲ್ಲಿ ಮೇಷ್ಟ್ರು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ತಿಕ್ಕಾಟ ಬರುತ್ತದೆ. ಅವರು ಬರೆಯುತ್ತಾ ಮಾತಾಡಿ ಅಂದರು. ನಾನು ಬರೆಯುವಾಗ ಮಾತಾಡಬೇಡಿ ಅನ್ನುತ್ತಿದ್ದೇನೆ. ಬರೆದು, ತಿರುಗಿ, ಬರೆದದ್ದನ್ನು ಓದಿ ಹೇಳಿದರೆ ಇಬ್ಬರಿಗೂ ಆಗುತ್ತದೆ. ಸ್ವಲ್ಪ ನಿಧಾನವಾಗುತ್ತದೆ, ಆಗಲಿ ಬಿಡಿ.

ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಅಂತ ಒಂದು ಆ್ಯಪ್ ಇದೆ. ನೀವು ಮಾತಾಡಿದ್ದನ್ನು ಕನ್ನಡದಲ್ಲೇ ಫೋನಿನ ಪರದೆ ಮೇಲೆ ಬರೆಯುತ್ತಾ ಹೋಗುತ್ತದೆ. ಫೋನು ನಿಮ್ಮ ಮೇಜಿನ ಹತ್ತಿರ ಇದ್ದರೆ ಚೆನ್ನಾಗಿ ಬರುತ್ತದೆ. ಮೊದಲ ಬೆಂಚಿನಲ್ಲಿ ಅವನಿಗೆ ಜಾಗ ಕೊಡಿ. ತರಗತಿಯಲ್ಲಿ ಫೋನ್ ಇಡಬಾರದು ಅನ್ನುವ ನಿಯಮ ಇದ್ದರೆ ಅವನಿಗೆ ಬರಹದಲ್ಲಿ ಅನುಮತಿ ಕೊಡಿ, ಪ್ರತಿ ಮೇಷ್ಟ್ರ ಹತ್ತಿರವೂ ಅವನು ವಿವರಿಸುತ್ತಾ ನಿಲ್ಲುವ ಹಾಗಾಗಬಾರದು.

ಮುಖ್ಯವಾಗಿ, ನಾಳೆಯ ಪಾಠದ ನೋಟ್ಸ್ ಇವತ್ತೇ ಕೊಡಿ. ಪದಗಳು ಮೊದಲೇ ಗೊತ್ತಿದ್ದರೆ ತುಟಿಯಲ್ಲಿ ಹಿಡಿಯುವುದು ಸುಲಭ. ಅವನಿಗೆ ಸಂಜ್ಞೆ ಭಾಷೆ ಬರುತ್ತದೆ ಅಂದುಕೊಳ್ಳಬೇಡಿ. ನನಗೆ ಬರುವುದಿಲ್ಲ, ಮನೆಯಲ್ಲಿ ಕನ್ನಡ ಮಾತಾಡಿಕೊಂಡೇ ಬೆಳೆದೆ. ಕಿವುಡರ ಶಾಲೆಯಲ್ಲಿ ಓದಿದವರಿಗೆ ಅದೇ ತಾಯ್ನುಡಿಯ ಹಾಗೆ ಇರುತ್ತದೆ, ಅಂಥವರು ಬಂದರೆ ದುಭಾಷಿ ಬೇಕು. ಸಾಧನ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಲು ಮನೆಯವರಿಗೆ ಹೇಳಿ.


ಅರ್ಥಶಾಸ್ತ್ರ ಮೇಡಂ (ಹಾವೇರಿ ಜಿಲ್ಲೆ):

ಎಲ್ಲರಿಗೂ ಮನಸಾರೆ ಧನ್ಯವಾದ. ಮೇಷ್ಟ್ರು ಹೇಳಿದ ಹಾಗೆ ಅವಳನ್ನೇ ಕೇಳಿದೆ. ಬ್ರೈಲ್ ಚೆನ್ನಾಗಿ ಬರುತ್ತದೆ, ಏಳನೇ ತರಗತಿವರೆಗೆ ಅಂಧರ ಶಾಲೆಯಲ್ಲಿ ಓದಿದ್ದಾಳೆ. ಮೊದಲು ಏನು ಬೇಕು ಅಂದಾಗ ಸಿಲಬಸ್ ಅಂದಳು. ನೀವು ಬರೆದದ್ದೇ! ಅವತ್ತೇ ಟೈಪ್ ಮಾಡಿ ಕಳಿಸಿದೆ. ಬೇಡಿಕೆಯ ಅಧ್ಯಾಯವನ್ನು ಯೂನಿಕೋಡ್ ಮಾಡಿಯಾಯಿತು. ದಾರ ಅಂಟಿಸಿದ ಹಾಳೆಯ ಮೇಲೆ ಬೆರಳಾಡಿಸಿ 'ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ ಅನ್ನೋದು ಇಷ್ಟೇನಾ ಮೇಡಂ?' ಅಂದಳು. ಆ ಹುಡುಗನನ್ನು ಮುಂದಿನ ಬೆಂಚಿಗೆ ಕರೆದಿದ್ದೇನೆ.

ಪರೀಕ್ಷೆ ಹತ್ತಿರ ಬರುತ್ತಿದೆ. ಅವಳು ಹೇಳಿದ್ದನ್ನು ಬರೆಯುವವರನ್ನು ಯಾರು ಹುಡುಕಬೇಕು? ರೇಖಾಚಿತ್ರದ ಪ್ರಶ್ನೆಗೆ ಏನು ದಾರಿ? ಮತ್ತೆ ನೋಟ್ಸಿನಲ್ಲಿರುವ ಕೋಷ್ಟಕಗಳನ್ನು ಓದುವುದು ಅವಳಿಗೆ ಕಷ್ಟ ಆಗುತ್ತಿದೆ.


ಇತಿಹಾಸ ಮೇಷ್ಟ್ರು (ಧಾರವಾಡ):

ಅವಳ ಪ್ರಶ್ನೆ ಕೇಳಿ ಬಹಳ ಖುಷಿಯಾಯಿತು ಮೇಡಂ.

ಪರೀಕ್ಷೆಗೆ ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇತ್ತು, 2025ರಲ್ಲಿ ಹೊಸದು ಬಂದಿದೆ. ಈಗ ಜಾರಿಯಲ್ಲಿರುವುದರ ಪ್ರತಿ ಇಟ್ಟುಕೊಳ್ಳಿ. 2018ರದ್ದರಲ್ಲಿ ಹೀಗಿತ್ತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಬರೆಯುವವರನ್ನು ವಿದ್ಯಾರ್ಥಿಯೇ ಕರೆದುಕೊಂಡು ಬರಬಹುದಿತ್ತು, ಇಲ್ಲಾ ಪರೀಕ್ಷೆ ನಡೆಸುವವರನ್ನೇ ಕೇಳಬಹುದಿತ್ತು. ಆಯ್ಕೆ ವಿದ್ಯಾರ್ಥಿಯದ್ದಾಗಿತ್ತು. ವಿದ್ಯಾರ್ಥಿಯೇ ಕರೆತಂದರೆ ಬರೆಯುವವರ ಓದು ವಿದ್ಯಾರ್ಥಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಪರೀಕ್ಷೆ ನಡೆಸುವವರು ಕೊಡುವುದಾದರೆ ಎರಡು ದಿನ ಮೊದಲೇ ಭೇಟಿ ಮಾಡಿಸಬೇಕಿತ್ತು, ಹೊಂದುತ್ತಾರಾ ಅಂತ ವಿದ್ಯಾರ್ಥಿ ನೋಡಿಕೊಳ್ಳಲು. ಈ ಎರಡು ದಿನದ ಮಾತನ್ನು ಬಿಟ್ಟುಕೊಡಬೇಡಿ. ನನ್ನ ಒಂದು ಪರೀಕ್ಷೆಯಲ್ಲಿ ಗಂಟೆ ಹೊಡೆದ ಮೇಲೆ ಒಬ್ಬರನ್ನು ತಂದು ಕೂರಿಸಿದರು. ಅವರಿಗೆ ಒತ್ತಕ್ಷರ ಬರೆಯಲು ಬರುತ್ತಿರಲಿಲ್ಲ. 'ರಾಷ್ಟ್ರಕೂಟ' ಅನ್ನುವುದನ್ನು ನಾನು ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾ ಕೂತೆ. ಗೊತ್ತಿದ್ದ ಉತ್ತರಗಳು ಉಳಿದುಹೋದವು.

ಕಣ್ಣಿನಿಂದ ನೋಡಿಯೇ ಉತ್ತರಿಸಬೇಕಾದ ಪ್ರಶ್ನೆಗೆ ದೃಷ್ಟಿ ಇಲ್ಲದವರಿಗೆ ಬದಲಿ ಪ್ರಶ್ನೆ ಕೊಡಬೇಕು ಅಂತಲೂ ಅದೇ ಮಾರ್ಗಸೂಚಿಯಲ್ಲಿತ್ತು. ಹಾಗಾಗಿ 'ರೇಖಾಚಿತ್ರ ಬಿಡಿಸಿ' ಅನ್ನುವ ಜಾಗದಲ್ಲಿ 'ರೇಖೆಯ ಆಕಾರವನ್ನು, ಅದು ಹಾಗಿರಲು ಕಾರಣವನ್ನು ವಿವರಿಸಿ' ಅಂತ ಕೇಳಬಹುದು. ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದಿಂದ ಬರುವುದರಿಂದ ಈಗಲೇ ಪರೀಕ್ಷಾ ವಿಭಾಗಕ್ಕೆ ಪತ್ರ ಬರೆಯಿರಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ಸ್ವೀಕೃತಿ ತಗೊಳ್ಳಿ. ಪರೀಕ್ಷೆಯ ವಾರ ಫೋನ್ ಮಾಡಿದರೆ ಯಾರೂ ಏನೂ ಮಾಡುವುದಿಲ್ಲ. ನಿಮ್ಮ ಕೈಯಲ್ಲೇ ಇರುವ ಆಂತರಿಕ ಪರೀಕ್ಷೆಯಲ್ಲಿ ಇದನ್ನೆಲ್ಲಾ ಮೊದಲು ಮಾಡಿಬಿಡಿ. ಅವಳಿಗೂ ಹೇಳಿ ಬರೆಸುವ ಅಭ್ಯಾಸ ಆಗುತ್ತದೆ. ಹೇಳಿ ಬರೆಸುವುದು ಬೇರೆಯೇ ಒಂದು ಕೌಶಲ, ಅದಕ್ಕೆ ಅಭ್ಯಾಸ ಬೇಕು.

ಕೋಷ್ಟಕಕ್ಕೆ ಹೀಗೆ ಮಾಡಿ. ಸ್ಪೇಸ್ ಒತ್ತಿ ಒತ್ತಿ ಅಂಕಿಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಅದು ಕೋಷ್ಟಕವಲ್ಲ, ಬರೀ ಅಂಕಿಗಳ ರಾಶಿ ಕೇಳಿಸುತ್ತದೆ. ವರ್ಡಿನ ಇನ್ಸರ್ಟ್ ಟೇಬಲ್ಲಿನಿಂದಲೇ ಮಾಡಿ, ಮೇಲಿನ ಸಾಲನ್ನು ಹೆಡರ್ ಅಂತ ಗುರುತಿಸಿ. ಕೋಷ್ಟಕದ ಮನೆಗಳನ್ನು (ಸೆಲ್) ಒಂದಕ್ಕೊಂದು ಸೇರಿಸಬೇಡಿ. ಖಾಲಿ ಮನೆ ಬಿಡಬೇಡಿ, 'ಇಲ್ಲ' ಅಂತ ಬರೆಯಿರಿ. ಕೋಷ್ಟಕದ ಮೇಲೆ ಒಂದು ಸಾಲು ಇರಲಿ: 'ಮೂರು ಕಂಬ, ಐದು ಸಾಲು. ಬೆಲೆ ಏರುತ್ತಾ ಹೋದಂತೆ ಪ್ರಮಾಣ ಇಳಿಯುತ್ತದೆ.' ಫೋನಿನಲ್ಲಿ ಕೇಳಲು ಇನ್ನೂ ಕಷ್ಟವಾದರೆ ಪ್ರತಿ ಸಾಲನ್ನೂ ಒಂದು ವಾಕ್ಯವಾಗಿ ಬಿಡಿಸಿ ಬರೆಯಿರಿ. ಅವಳಿಗೆ ಬ್ರೈಲ್ ಬರುತ್ತದೆ ಅಂದಿರಲ್ಲ, ಮುಖ್ಯವಾದ ಎರಡು ಮೂರು ಕೋಷ್ಟಕಗಳನ್ನು ನೀವು ಓದಿ ಹೇಳಿ, ಅವಳೇ ಬ್ರೈಲ್ ಸ್ಲೇಟಿನಲ್ಲಿ ಬರೆದುಕೊಳ್ಳಲಿ. ಅಂಕಿಗಳನ್ನು ಬೆರಳಲ್ಲಿ ಓದಿದರೆ ಹಿಂದಕ್ಕೂ ಮುಂದಕ್ಕೂ ಹೋಗಿ ಹೋಲಿಸಬಹುದು, ಕಿವಿಯಲ್ಲಿ ಅದು ಆಗುವುದಿಲ್ಲ.

ಪರೀಕ್ಷಾ ವಿಭಾಗಕ್ಕೆ ಬರೆಯುವ ಪತ್ರದ ಕರಡು ನನ್ನ ಹತ್ತಿರ ಇದೆ, ವರ್ಡ್ ಫೈಲ್. ಇಲ್ಲೇ ಹಾಕುತ್ತೇನೆ, ಬೇಕಾದವರು ತಗೊಳ್ಳಿ.